ಮುಂಡಪ್ಪನವರ ಹನ್ನೊಂದು ನಂಬರುಗಳು

ಮಹಾಪೆಯ ಒಂದು ಪೇಂಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮುಂಡಪ್ಪನವರು ಅಷ್ಟೂ ವರ್ಷದಲ್ಲಿ ಒಮ್ಮೆಯೂ ಬ್ರಶ್ಶು ಹಿಡಿದವರಲ್ಲ. ಅವರಿದ್ದದ್ದು ಡಿಸ್ಪ್ಯಾಚ್ ವಿಭಾಗದಲ್ಲಿ. ಹೊರಗೆ ಹೋಗುವ ಪ್ರತಿಯೊಂದು ಪೆಟ್ಟಿಗೆಯ ಮೇಲೆ ಒಂದು ನಂಬರು, ನಂಬರಿನ ಸುತ್ತ ಒಂದು ಸುತ್ತುಗೆರೆ, ಅದರ ಕೆಳಗೆ ಮಾಲು ತಲುಪಬೇಕಾದ ತಾರೀಕು. ಇಷ್ಟನ್ನು ದುಂಡಗೆ ಬರೆಯುವುದೇ ಅವರ ಉದ್ಯೋಗ.

ಅವರು ವಾಸವಿದ್ದ ಠಾಕುರ್ಲಿಯ ಚಂದ್ರಭಾಗಾ ಹೌಸಿಂಗ್ ಸೊಸೈಟಿಯ ಜನರಿಗೆ ಇಂಥ ಸೂಕ್ಷ್ಮಗಳು ಬೇಕಾಗಿರಲಿಲ್ಲ. ಪೇಂಟ್ ಕಂಪೆನಿಯವರು ಎಂದರೆ ಪೇಂಟ್ ಬಲ್ಲವರು, ಮುಗಿಯಿತು. ಯಾರ ಮನೆಯ ಗೋಡೆ ಬೂಷ್ಟು ಹಿಡಿದರೂ ಮುಂಡಪ್ಪನವರಿಗೆ ಕರೆ ಬರುತ್ತಿತ್ತು. ಅವರು ಹೋಗಿ ಗೋಡೆಯನ್ನು ಬೆರಳಿನಿಂದ ಮುಟ್ಟಿ, "ಹೂಂ" ಎಂದು, ಡಬ್ಬದ ಹಿಂದೆ ಅಚ್ಚಾಗಿರುವ ಸೂಚನೆಗಳನ್ನು ಬಾಯಿಪಾಠ ಒಪ್ಪಿಸಿ, ಚಹಾ ಕುಡಿದು ಬರುತ್ತಿದ್ದರು. ಇದರಿಂದ ಯಾರ ಗೋಡೆಯೂ ಸರಿಯಾಗಲಿಲ್ಲ. ಮುಂಡಪ್ಪನವರ ಗೌರವ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿತು.

ಹೀಗೆ ಸುಖವಾಗಿದ್ದ ಮನುಷ್ಯ ಕಷ್ಟಕ್ಕೆ ಸಿಕ್ಕಿಕೊಂಡದ್ದು ಮಗನ ಮದುವೆಯ ಮಾತಿನಿಂದ. ಮಗ ಸಮಿತ್ ಮತ್ತು ಕೋಪರಖೈರಣೆಯ ಪೂಜಿತಾ ಪರಸ್ಪರ ಒಪ್ಪಿ ಎರಡು ವರ್ಷವಾಗಿತ್ತು. ಒಪ್ಪಬೇಕಾಗಿದ್ದವರು ಪೂಜಿತಾಳ ತಂದೆ ಯಜ್ಞೇಶ್ವರ ಒಬ್ಬರೇ. ವಾಶಿಯ ಮಾರ್ಕೆಟಿನ ಗುಮಾಸ್ತರಾದ ಇವರು ಹುಡುಗನ ಸಂಬಳ ಕೇಳುತ್ತಿರಲಿಲ್ಲ, ಜಾತಕ ಕೇಳುತ್ತಿರಲಿಲ್ಲ. ಬಿಲ್ಡಿಂಗು ನೋಡಬೇಕು ಎನ್ನುತ್ತಿದ್ದರು. ಹಿಂದೆ ಅವರು ಆಸೆಪಟ್ಟು ಕೊಂಡಿದ್ದ ಮನೆ ಅನಧಿಕೃತವೆಂದು ತಿಳಿದದ್ದು ಗೋಡೆಯ ಮೇಲೆ ಪಾಲಿಕೆಯವರ ಕೆಂಪು ನಂಬರು ಬಿದ್ದ ದಿನ. ಆಮೇಲೆ ಅದು ನೆಲಸಮವಾಯಿತು. ಅಂದಿನಿಂದ ಅವರು ಯಾವ ಗೋಡೆಯನ್ನೂ ನಂಬುವವರಲ್ಲ. ಪೂಜಿತಾಳಿಗೆ ಬಂದಿದ್ದ ಎರಡು ಒಳ್ಳೆಯ ಸಂಬಂಧಗಳನ್ನು ಅವರು ಒಂದು ಕಂಬದ ಬಿರುಕಿಗೂ ಒಂದು ನೀರಿನ ಟ್ಯಾಂಕಿಗೂ ಬಲಿಕೊಟ್ಟಿದ್ದರು. ಈಗ ನವೆಂಬರ್ ಇಪ್ಪತ್ಮೂರು, ಭಾನುವಾರ ಹನ್ನೊಂದು ಗಂಟೆಗೆ ಚಂದ್ರಭಾಗಾ ನೋಡಲು ಬರುವವರಿದ್ದರು.

ಮುಂಡಪ್ಪನವರ ಹೆಂಡತಿ ಉಮಾವತಿಯವರು ಸೊಸೈಟಿಯ ಮೀಟಿಂಗಿನಲ್ಲಿ ಗೇಟಿನ ಮಾತು ತೆಗೆದರು. ಮಳೆಗಾಲದಲ್ಲಿ ಬಣ್ಣ ಕಿತ್ತುಹೋಗಿ ಗೇಟಿನ ಕಬ್ಬಿಣ ಬರಿದಾಗಿತ್ತು. ಸೆಕ್ರೆಟರಿ ಒಳ್ಳೆಯ ಮನುಷ್ಯ. ಪೇಂಟರನ್ನು ಕರೆಸಿ ಶನಿವಾರದೊಳಗೆ ಒಂದು ಕೈ ಹಸಿರು ಬಣ್ಣ ಬಳಿಸಿಬಿಡೋಣ ಎಂದರು. ಎಲ್ಲರೂ ತಲೆ ಆಡಿಸಿದರು. ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮುಂಡಪ್ಪನವರು ಎದ್ದು ನಿಂತರು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಬೆರೆಸಿ ಅವರು ಮಾಡಿದ ಭಾಷಣದ ಸಾರ ಇಷ್ಟು: "ಬರೀ ಕಬ್ಬಿಣಕ್ಕೆ ಸೀದಾ ಪೇಂಟ್ ಹೊಡೆದ್ರೆ ಎಂತ ಆಗ್ತದೆ ಗೊತ್ತುಂಟಾ? ಅಡಿಯಲ್ಲಿ ತುಕ್ಕು ಹಾಗೇ ಇರ್ತದೆ. ಆರು ತಿಂಗಳಿಗೆ ಪೇಂಟು ಹಪ್ಪಳದ ಹಾಗೆ ಉಬ್ಬಿ ಬರ್ತದೆ. ಮೊದಲು ತುಕ್ಕು ಉಜ್ಜಬೇಕು. ಥಿನ್ನರಿನಲ್ಲಿ ಒರೆಸಬೇಕು. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಅದು ಒಣಗಿದ ಮೇಲೆ ಪೇಂಟು. ಪ್ರೈಮರ್ ಇಲ್ಲದ ಗೇಟು ನಮ್ಮ ಸೊಸೈಟಿಗೆ ಬೇಡ."

ಪೇಂಟರು ಅಷ್ಟೆಲ್ಲ ತನ್ನಿಂದಾಗದು ಎಂದು ಮರುದಿನವೇ ಕೈ ತೊಳೆದುಕೊಂಡ. ಹಾಗಾದರೆ ಯಾರು ಮಾಡುವುದು ಎಂದು ಸೆಕ್ರೆಟರಿ ಕೇಳಿದರು. ಮೂವತ್ತೊಂದು ವರ್ಷದ ಗೌರವ ಮುಂಡಪ್ಪನವರ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿತು.

"ನಾನೇ ಮಾಡ್ತೇನೆ," ಎಂದರು.

ಗುರುವಾರ ಹನ್ನೊಂದು ಗಂಟೆ. ಗಂಡಸರು ಲೋಕಲ್ ರೈಲು ಹಿಡಿದು ಹೋಗಿದ್ದರು. ಹೆಂಗಸರು ಅಡಿಗೆಮನೆಯಲ್ಲಿದ್ದರು. ರಾತ್ರಿಪಾಳಿಯ ವಾಚ್‌ಮನ್ ಬಾಲಪ್ಪ ಪಂಪಿನ ಕೋಣೆಯ ಪಕ್ಕದ ತನ್ನ ಖೋಲಿಯಲ್ಲಿ ಮಲಗಿದ್ದ. ಮುಂಡಪ್ಪನವರು ಕೂಲಿಯವರು ನಿಲ್ಲುವ ನಾಕಾದಿಂದ ಇಬ್ಬರು ಹಮಾಲರನ್ನು ಕರೆತಂದು ಗೇಟಿನ ಎರಡು ಬಾಗಿಲುಗಳನ್ನು ಬಿಚ್ಚಿಸಿ ಟೆರೇಸಿಗೆ ಸಾಗಿಸಿದರು. ಇಳಿದು ಬರುವಾಗ ಅವರ ಕಣ್ಣು ಮೀಟರ್ ಪೆಟ್ಟಿಗೆಯ ಎರಡು ಬಾಗಿಲುಗಳ ಮೇಲೆ ಬಿತ್ತು. ಅವಕ್ಕೂ ತುಕ್ಕು. ನೋಟಿಸ್ ಬೋರ್ಡಿನ ಚೌಕಟ್ಟಿಗೂ ತುಕ್ಕು. ಒಮ್ಮೆ ತುಕ್ಕು ನೋಡಲು ಕಲಿತ ಕಣ್ಣಿಗೆ ಬೇರೆ ಏನೂ ಕಾಣಿಸುವುದಿಲ್ಲ. ಟಪಾಲು ಪೆಟ್ಟಿಗೆ, ಹೆಸರಿನ ಬೋರ್ಡಿನ ಚೌಕಟ್ಟು, ಮೂರು ಮಹಡಿಗಳಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟುಗಳನ್ನು ತೂಗುಹಾಕಿದ್ದ ಸ್ಟ್ಯಾಂಡುಗಳು, ಕೊನೆಗೆ ಪಂಪಿನ ಕೋಣೆಯ ಬಾಗಿಲು. ಬೋಲ್ಟು ಬಿಚ್ಚಿದರೆ ಬರುವ ಕಬ್ಬಿಣವೆಲ್ಲ ಒಂದೂವರೆ ಗಂಟೆಯಲ್ಲಿ ಟೆರೇಸು ಸೇರಿತು. ಗೇಟಿನ ಎರಡು ಬಾಗಿಲೂ ಸೇರಿ ಒಟ್ಟು ಹನ್ನೊಂದು. ಮೀಟಿಂಗಿನಲ್ಲಿ ಒಪ್ಪಿಗೆಯಾದದ್ದು ಗೇಟಿಗೆ ಮಾತ್ರ ಎನ್ನುವುದು ಅವರಿಗೆ ನೆನಪಾಗಲಿಲ್ಲ.

ಆದರೆ ಹನ್ನೊಂದು ಸಾಮಾನು ಬಿಚ್ಚಿದ ಮೇಲೆ ಯಾವುದು ಎಲ್ಲಿಯದು ಎಂದು ತಿಳಿಯಬೇಡವೆ? ಡಿಸ್ಪ್ಯಾಚಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿಯೊಂದು ಸಾಮಾನಿಗೆ ತಂತಿಯಲ್ಲಿ ಒಂದು ನಂಬರಿನ ಚೀಟಿ ಕಟ್ಟಿದರು. ಸಾಮಾನು ಇದ್ದ ಜಾಗದ ಗೋಡೆಯ ಮೇಲೆ ಅದೇ ನಂಬರು ಬರೆದರು. ಸೀಮೆಸುಣ್ಣ ಅಳಿಸಿಹೋಗುತ್ತದೆ. ಆದ್ದರಿಂದ ಹೊಸದಾಗಿ ತೆರೆದ ರೆಡ್ ಆಕ್ಸೈಡ್ ಡಬ್ಬಕ್ಕೆ ಬ್ರಶ್ಶು ಅದ್ದಿ, ಅಂಗೈ ಅಗಲದ ಕೆಂಪು ಅಂಕೆ, ಸುತ್ತ ಒಂದು ಸುತ್ತುಗೆರೆ, ಕೆಳಗೆ ಸಾಮಾನು ಮರಳಿ ತಲುಪಬೇಕಾದ ತಾರೀಕು: 23-11. ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ, ಅಂಕೆಗಳ ಮೇಲೆ ಸುಣ್ಣ ಬಳಿದರಾಯಿತು ಎಂಬುದು ಅವರ ಲೆಕ್ಕಾಚಾರ. ಆಮೇಲೆ ಅವರು ಟೆರೇಸಿಗೆ ಹೋಗಿ, ಧೂಳು ಬರಬಾರದೆಂದು ಬಾಗಿಲು ಹಾಕಿ ಒಳಗಿನಿಂದ ಅಗಳಿ ಜಡಿದರು.

ಆ ದಿನ ಅವರು ಮಾಡಿದ ಕೆಲಸವನ್ನು ಹೊಗಳದೆ ಮುಂದೆ ಹೋಗುವುದು ಅನ್ಯಾಯ. ತಂತಿ ಬ್ರಶ್ಶಿನಿಂದ ತಿಕ್ಕಿದರು, ಎಮರಿ ಕಾಗದದಿಂದ ಉಜ್ಜಿದರು, ಕಬ್ಬಿಣ ಬೆಳ್ಳಗೆ ಮಿನುಗುವವರೆಗೆ ಬಿಡಲಿಲ್ಲ. ಥಿನ್ನರಿನ ಬಟ್ಟೆಯಿಂದ ಒರೆಸಿದ ಮೇಲೆ ಬೆವರು ತಾಗದಂತೆ ಕೈಗೆ ಉಮಾವತಿಯವರ ಅಡಿಗೆಮನೆಯ ಕೈಗವಸು ಹಾಕಿಕೊಂಡರು. ಮೊದಲ ಸ್ಟ್ಯಾಂಡಿನ ಮೇಲೆ ಪ್ರೈಮರು ಗಂಜಿಯ ಹಾಗೆ ಸುರಿಯಿತು. ಅದನ್ನು ಪೂರ್ತಿ ಒರೆಸಿ ಮತ್ತೆ ಬಳಿದರು. ಮೂರನೆಯದಕ್ಕೆ ಕೈ ಹದಕ್ಕೆ ಬಂತು. ಐದನೆಯದಕ್ಕೆ ಅವರಿಗೆ ಹಾಡು ಬಂತು. ಅರವತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯನಿಗೆ ತಾನು ಹೇಳಿಕೊಂಡು ಬಂದದ್ದು ನಿಜವಾಗಿ ಮಾಡಲು ಬರುತ್ತದೆ ಎಂದು ಗೊತ್ತಾಗುವುದು ಸಣ್ಣ ಸಂತೋಷವಲ್ಲ.

ಕೆಳಗೆ ಸಂಜೆ ಐದಕ್ಕೆ ಬಾಲಪ್ಪ ಎದ್ದ. ಕಲಬುರಗಿ ಕಡೆಯವನಾದ ಇವನು ಈ ಊರಿಗೆ ಬಂದ ಹೊಸತರಲ್ಲಿ ಖಾಡಿಯ ಹಿನ್ನೀರಿನ ದಂಡೆಯ ಝೋಪಡಿ ಗುಡಿಸಲಿನಲ್ಲಿದ್ದ. ಆ ಝೋಪಡಿಗಳು ನೆಲಸಮವಾದದ್ದನ್ನು ಕಣ್ಣಾರೆ ಕಂಡವನು. ಮುಖ ತೊಳೆಯಲು ಹೊರಗೆ ಬಂದವನು ಪಂಪಿನ ಕೋಣೆಗೆ ಬಾಗಿಲಿಲ್ಲದ್ದು ನೋಡಿದ. ಪಕ್ಕದಲ್ಲಿ ಕೆಂಪು ಹನ್ನೊಂದು, ಸುತ್ತುಗೆರೆ, ತಾರೀಕು. ಮುಖ ತೊಳೆಯುವುದನ್ನು ಅಲ್ಲಿಗೇ ಬಿಟ್ಟು ಮೂರು ಮಹಡಿಯನ್ನೂ ಸುತ್ತಿ ಬಂದ. ಅಷ್ಟರಲ್ಲಿ ಎರಡನೆಯ ಮಹಡಿಯ ಪ್ರಫುಲ್ಲಾ ಹಾಲು ತರಲು ಇಳಿದು ಬಂದರು.

"ಇದೆಂತ ಬಾಲಪ್ಪ, ಗೋಡೆಯಲ್ಲೆಲ್ಲ?"

"ಅಕ್ಕಾರ, ನಮ್ಮ ಝೋಪಡಿಗೂ ಹಿಂಗೇ ಬರ್ದಿದ್ರು ನೋಡ್ರಿ," ಎಂದ ಬಾಲಪ್ಪ ತಣ್ಣಗೆ. "ಮದ್ಲ ಕೆಂಪ ನಂಬರ್ ಹಾಕ್ತಾರ. ಆಮ್ಯಾಲ ಬಾಗಲಾ, ಕಬ್ಣದ ಸಾಮಾನಾ ಬಿಚ್ಚಿ ಒಯ್ತಾರ. ಆಮ್ಯಾಲ ಜೆಸಿಬಿ ಬರ್ತದ. ಇಲ್ಲಿ ಬಿಚ್ಚೂದು ಆಗಿಹೋಗ್ಯಾದ. ತಾರೀಕ್ ನೋಡ್ರಿ, ಐತಾರ."

ಪ್ರಫುಲ್ಲಾ ಹಾಲನ್ನು ಮರೆತರು. ಏಳು ಗಂಟೆಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದು ಫೋಟೋಗಳಿದ್ದವು. ಎಂಟಕ್ಕೆ ಅವು ಡೊಂಬಿವಲಿಗೂ ಕಲ್ಯಾಣಕ್ಕೂ ಹೋಗಿ, ಗುರುತಿಲ್ಲದ ಜನರ ಅನುತಾಪ ಹೊತ್ತುಕೊಂಡು ಮರಳಿ ಬಂದವು. ಗೇಟನ್ನು ಮುಂಡಪ್ಪನವರು ಪೇಂಟಿಗೆ ಒಯ್ದಿದ್ದಾರೆ ಎಂದು ಸೆಕ್ರೆಟರಿಗೆ ಗೊತ್ತಿತ್ತು. ಆದರೆ ಗೇಟಿನ ಮೇಲಷ್ಟೇ ಕೈಯಿಡಲು ಅವರಿಗೆ ಅಪ್ಪಣೆಯಿದ್ದದ್ದರಿಂದ, ಉಳಿದ ಒಂಬತ್ತನ್ನು ಪಾಲಿಕೆಯವರೇ ಒಯ್ದಿರಬೇಕೆಂದು ಸೆಕ್ರೆಟರಿ ಸರಿಯಾಗಿಯೇ ಯೋಚಿಸಿ ತಪ್ಪಾದ ಜಾಗಕ್ಕೆ ಬಂದು ನಿಂತರು.

ಶುಕ್ರವಾರ ಬೆಳಿಗ್ಗೆ ಪ್ರಫುಲ್ಲಾ ಟೆರೇಸಿನ ಬಾಗಿಲು ಬಡಿದರು.

"ಮುಂಡಪ್ಪಣ್ಣ, ಬಾಗಿಲು ತೆಗೀರಿ ಮಾರಾಯ್ರೆ."

"ತೆಗೀಲಿಕ್ಕೆ ಆಗೂದಿಲ್ಲ ಪ್ರಫುಲ್ಲಕ್ಕ. ಧೂಳು ಬರ್ತದೆ. ಪ್ರೈಮರು ಹಸಿ ಉಂಟು."

"ಪ್ರೈಮರು ಎಂತಕ್ಕೆ ಇನ್ನು? ಬಿಲ್ಡಿಂಗಿಗೆ ಕೆಂಪು ನಂಬರು ಬಿದ್ದಿದೆ. ಭಾನುವಾರ ಒಡೀತಾರಂತೆ."

ಒಳಗೆ ಬ್ರಶ್ಶು ಬಿದ್ದ ಸದ್ದಾಯಿತು. ಭಾನುವಾರ ಎಂದರೆ ಯಜ್ಞೇಶ್ವರರು ಬರುವ ದಿನ. ಬಾಗಿಲು ಒಂದು ಗೇಣು ತೆರೆಯಿತು, ಮುಂಡಪ್ಪನವರು ಅಡ್ಡವಾಗಿ ಹೊರಬಂದರು, ಬಾಗಿಲು ಮುಚ್ಚಿತು. "ಎಲ್ಲಿ ಉಂಟು ನಂಬರು?"

"ಎಲ್ಲಿ ಅಂತ ಕೇಳ್ತೀರಾ? ಎಲ್ಲ ಗೋಡೆಯಲ್ಲೂ ಉಂಟು."

ಮುಂಡಪ್ಪನವರು ಮೂರನೆಯ ಮಹಡಿಯಿಂದ ಹಿಡಿದು ಕಂಪೌಂಡಿನವರೆಗೆ ಗೋಡೆ ಗೋಡೆ ಹುಡುಕಿದರು. ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದರು. ಬಿಲ್ಡಿಂಗಿನ ಹಿಂದೆ ಹೋಗಿ ಮೋರಿ ದಾಟಿ ನೋಡಿದರು. ಪಾಲಿಕೆಯ ನಂಬರು ಎಲ್ಲಿಯೂ ಇರಲಿಲ್ಲ. ಇದ್ದದ್ದು ಅವರದೇ ನಂಬರುಗಳು. ಅವರ ಲೆಕ್ಕದಲ್ಲಿ ಅವು ಆ ನಂಬರುಗಳ ಪೈಕಿಯಲ್ಲ. ಓದುಗರು ಇಲ್ಲಿ ನಗಬಾರದೆಂದು ಕೇಳಿಕೊಳ್ಳುತ್ತೇನೆ. ತಾನು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಏನಾಗಿ ಕಾಣುತ್ತದೆ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

"ನಾನು ನೋಡಿದೆ. ನನಗೆ ಒಂದೂ ಕಾಣಲಿಲ್ಲ," ಎಂದರು ಪ್ರಫುಲ್ಲಾಗೆ.

ಪ್ರಫುಲ್ಲಾ ಇದನ್ನು ಧೈರ್ಯವೆಂದು ತಿಳಿದರು. ಮಗನ ಮದುವೆ ಮುರಿಯುವ ಹೊತ್ತಿನಲ್ಲಿಯೂ ನಮ್ಮ ಮುಂಡಪ್ಪಣ್ಣ ನಂಬರುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದು ಎಲ್ಲರಿಗೂ ಹೇಳಿದರು. ಅದರ ಫಲವಾಗಿ ಮಧ್ಯಾಹ್ನ ವಾರ್ಡ್ ಆಫೀಸಿಗೆ ಹೊರಟ ನಿಯೋಗಕ್ಕೆ ಮುಂಡಪ್ಪನವರೇ ಮುಂದಾಳಾದರು. ಉಗುರಿನಲ್ಲಿ ಇನ್ನೂ ಕೆಂಪು ಇತ್ತು. ಬಹಳ ದುಡಿಯುವ ಮನುಷ್ಯ ಎಂದು ಸೆಕ್ರೆಟರಿ ಅದನ್ನು ಮೆಚ್ಚಿಕೊಂಡರು.

ವಾರ್ಡ್ ಆಫೀಸಿನ ಅಧಿಕಾರಿ ದೊಡ್ಡ ರಿಜಿಸ್ಟರನ್ನು ತೆರೆದು, ಎರಡು ಸಲ ನೋಡಿ, ಚಂದ್ರಭಾಗಾ ತಮ್ಮ ಯಾವ ಪಟ್ಟಿಯಲ್ಲಿಯೂ ಇಲ್ಲ, ಅದರ ಕಾಗದಪತ್ರ ಎಲ್ಲ ಸರಿಯಾಗಿವೆ ಎಂದರು. ಇದರಿಂದ ನಿಯೋಗಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪಟ್ಟಿಯಲ್ಲಿಯೂ ಇಲ್ಲದೆ ಒಡೆಯುತ್ತಾರೆ ಎಂದರೆ ವಿಷಯ ಇನ್ನೆಷ್ಟು ಮೇಲಿನದು ಎಂದು ಅವರು ಮತ್ತಷ್ಟು ಹೆದರಿದರು.

ಮುಂಡಪ್ಪನವರು ಮೇಜಿನ ಮೇಲೆ ಎರಡೂ ಕೈಯೂರಿದರು. ಅವರ ಮರಾಠಿ ಕೋಪ ಬಂದಾಗ ಬಹಳ ಶುದ್ಧವಾಗಿರುತ್ತಿತ್ತು. "ಸಾಹೇಬರೇ, ಯಾರು ಬರೆದದ್ದು ಅಂತ ನಮಗೆ ಗೊತ್ತಾಗಬೇಕು. ಮರ್ಯಾದಸ್ಥರ ಮನೆ ಗೋಡೆಯ ಮೇಲೆ ಹೇಳದೆ ಕೇಳದೆ ಬರೆಯುವ ಮನುಷ್ಯನನ್ನು ಹಿಡಿದು ತರಿಸಿ. ಎಲ್ಲರೆದುರು ನಿಲ್ಲಿಸಿ. ಅವನ ಕೈಯಿಂದಲೇ ಒರೆಸಿಸಬೇಕು. ಅಲ್ಲಿವರೆಗೆ ನಾವು ಇಲ್ಲಿಂದ ಏಳುವುದಿಲ್ಲ."

ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಸೆಕ್ರೆಟರಿಯ ಮೊಬೈಲನ್ನು ತೆಗೆದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

"ಇದು ನಮ್ಮವರ ಅಕ್ಷರ ಅಲ್ಲ. ನಮ್ಮವರು ಇಷ್ಟು ದುಂಡಗೆ ಬರೆಯೋದಿಲ್ಲ," ಎಂದರು. "ಇವನು ಪಳಗಿದ ಮನುಷ್ಯ. ಈ ಏಳು ನೋಡಿ, ನಡುವೆ ಎಷ್ಟು ನೇರ ಅಡ್ಡಗೆರೆ."

ಮುಂಡಪ್ಪನವರು ಬಗ್ಗಿ ನೋಡಿದರು. ನಿಜವಾಗಿಯೂ ಚೆಂದದ ಅಕ್ಷರ. ತಮ್ಮ ಹಾಗೆಯೇ ಏಳಕ್ಕೆ ಅಡ್ಡಗೆರೆ ಎಳೆಯುವವನೊಬ್ಬ ಸರಕಾರದಲ್ಲಿಯೂ ಇದ್ದಾನೆ ಎಂದು ಅವರಿಗೆ ಸಂತೋಷವೇ ಆಯಿತು. ಆ ಸಂತೋಷ ನಾಲ್ಕು ಸೆಕೆಂಡು ಇತ್ತು. ಆಮೇಲೆ ಅವರು ಮೇಜಿನಿಂದ ಕೈ ತೆಗೆದು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡರು.

"ಮಾತಾಡಿ ಮುಂಡಪ್ಪ ಸಾಹೇಬ್," ಎಂದರು ಸೆಕ್ರೆಟರಿ. "ಸಿಕ್ಕಿದರೆ ಅವನಿಗೆ ಏನು ಶಿಕ್ಷೆ ಆಗಬೇಕು, ಅದನ್ನೂ ಹೇಳಿಬಿಡಿ."

"ಮನೆಗೆ ಹೋಗುವ," ಎಂದರು ಮುಂಡಪ್ಪನವರು.

ಅಧಿಕಾರಿ ಮಾತ್ರ ಬಿಡುವವರಲ್ಲ. ಪಾಲಿಕೆಯ ಹೆಸರಿನಲ್ಲಿ ಬೇರೆಯವರು ಗೋಡೆಯ ಮೇಲೆ ಬರೆಯುವುದು ಗಂಭೀರ ವಿಷಯ, ಸೋಮವಾರ ಜೂನಿಯರ್ ಇಂಜಿನಿಯರನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಒಂದು ಅಂಕೆಯನ್ನೂ ಅಳಿಸಬೇಡಿ, ಬಿಚ್ಚಿದ ಯಾವ ಸಾಮಾನನ್ನೂ ಜೋಡಿಸಬೇಡಿ ಎಂದು ಬರೆದು ಸಹಿ ಹಾಕಿ ಕೊಟ್ಟರು. ಮರಳಿ ಬರುವಾಗ ರಿಕ್ಷಾದಲ್ಲಿ ಎಲ್ಲರೂ ಬರೆದವನನ್ನು ಬಯ್ದರು. ಮುಂಡಪ್ಪನವರು ಒಂದು ಕಡೆ ಕೂತು ತಾವೂ ಎರಡು ಮಾತು ಬಯ್ದರು. ಬಯ್ಯದಿದ್ದರೆ ಸಂಶಯ ಬರುತ್ತಿತ್ತು.

ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದರು. ಉಮಾವತಿಯವರು ತೆಂಗಿನಕಾಯಿ ತುರಿಯುತ್ತಿದ್ದರು. ಕೈಯಲ್ಲಿದ್ದ ಹೋಳನ್ನು ಪೂರ್ತಿ ತುರಿದು ಮುಗಿಸಿ ಕೇಳಿದರು:

"ಗೋಡೆಯಲ್ಲಿ ಯಾಕೆ ಬರೆದಿರಿ?"

"ಜೋಡಿಸುವಾಗ ಅದಲುಬದಲು ಆಗಬಾರದು ಅಂತ."

"ಗೇಟನ್ನು ಟಪಾಲು ಪೆಟ್ಟಿಗೆಯ ಜಾಗದಲ್ಲಿ ಜೋಡಿಸ್ತಿದ್ದಿರಾ?"

ಡಿಸ್ಪ್ಯಾಚಿನಲ್ಲಿ ಮೂವತ್ತೊಂದು ವರ್ಷ ಯಾರೂ ಮುಂಡಪ್ಪನವರನ್ನು ಹೀಗೆ ಕೇಳಿರಲಿಲ್ಲ.

"ಇನ್ನು ನೀವು ಬಾಯಿ ತೆರೀಬೇಡಿ," ಎಂದರು ಉಮಾವತಿಯವರು. "ಈಗ ಹೇಳಿದ್ರೆ ಇಡೀ ಬಿಲ್ಡಿಂಗು ನಗ್ತದೆ, ಜಗಳ ಆಗ್ತದೆ, ಸುದ್ದಿ ಕೋಪರಖೈರಣೆಗೆ ಹೋಗ್ತದೆ. ಆ ಯಜ್ಞೇಶ್ವರರು ಕೆಂಪು ನಂಬರು ಅಂತ ಕೇಳಿದ್ರೆ ಸಾಕು, ಠಾಕುರ್ಲಿಯಲ್ಲಿ ಇಳಿಯೂದೂ ಇಲ್ಲ. ಭಾನುವಾರ ಬರಲಿ, ಉಣ್ಣಲಿ, ಒಪ್ಪಿ ಹೋಗಲಿ. ಸೋಮವಾರ ಇಂಜಿನಿಯರಿಗೆ ಎಂತ ಬೇಕಾದ್ರೂ ಹೇಳಿ."

ಸಮಿತ್ ಆಫೀಸಿನಿಂದ ಬಂದವನು ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದ. "ಪಪ್ಪಾ, ಪ್ಲೀಸ್. ಕಿಸೀಕೋ ಕುಛ್ ಮತ್ ಬೋಲೋ. ಸಂಡೇ ತಕ್," ಎಂದು, ಭಾನುವಾರದವರೆಗೆ ಯಾರಿಗೂ ಏನೂ ಹೇಳದಂತೆ ಬೇಡಿಕೊಂಡ. ಹುಡುಗನ ಕಣ್ಣು ತುಂಬಿತ್ತು. ಅದನ್ನು ನೋಡಿ ಮುಂಡಪ್ಪನವರು ಬಾಯಿ ಮುಚ್ಚಿಕೊಂಡರು.

ಅಳಿಸುವಂತಿಲ್ಲ ಎಂದು ಆಜ್ಞೆ ಇತ್ತು, ಮುಚ್ಚುವಂತಿಲ್ಲ ಎಂದು ಇರಲಿಲ್ಲ. ಶನಿವಾರ ಉಮಾವತಿಯವರು ಮನೆಯಲ್ಲಿದ್ದ ಕ್ಯಾಲೆಂಡರುಗಳನ್ನೆಲ್ಲ ಹೊರತೆಗೆದರು. ಬ್ಯಾಂಕಿನವು, ಕ್ರೆಡಿಟ್ ಸೊಸೈಟಿಯವು, ಊರಿನ ದೇವಸ್ಥಾನದವು, ಒಂದು ಟ್ರಾವೆಲ್ಸಿನವರದು. ಹಳೆಯ ವರ್ಷದವೂ ಸೇರಿ ಒಂಬತ್ತಾದವು. ಗೇಟಿನ ಎರಡು ಕಂಬಗಳ ನಂಬರು ಮುಚ್ಚುವಂತೆ ಬಾಳೆಗಿಡ ಕಟ್ಟಿಸಿದರು. ಗಂಡಾಂತರ ತಪ್ಪಲೆಂದು ಯಾವುದೋ ಶಾಂತಿ ಮಾಡಿಸುತ್ತಿದ್ದಾರೆ ಎಂದು ತಿಳಿದ ಪ್ರಫುಲ್ಲಾ ಬಂದು ಎರಡು ಮಾವಿನ ಎಲೆಯ ತೋರಣ ಸೇರಿಸಿದರು.

ಮುಂಡಪ್ಪನವರು ಟೆರೇಸಿನಲ್ಲಿ ಕೂತು ಪ್ರೈಮರಿನ ಮೇಲೆ ಹಗುರವಾಗಿ ಎಮರಿ ಕಾಗದ ಆಡಿಸುತ್ತಿದ್ದರು. ಕೆಲಸ ನಿಲ್ಲಿಸುವ ಯೋಚನೆಯೇ ಅವರಿಗೆ ಬರಲಿಲ್ಲ. ಜೋಡಿಸುವುದು ಯಾವಾಗಲಾದರೂ ಆಗಲಿ, ತುಕ್ಕು ಸೋಮವಾರಕ್ಕೆ ಕಾಯುವುದಿಲ್ಲ. ಮಧ್ಯಾಹ್ನ ನೀರು ಕುಡಿಯಲು ಇಳಿದಾಗ ಬಾಲಪ್ಪನ ಖೋಲಿಯ ಮುಂದೆ ಎರಡು ಗಂಟುಗಳೂ ಒಂದು ಸ್ಟವ್ವೂ ಕಾಣಿಸಿದವು. ಅವನ ಹೆಂಡತಿ ಮರಗಮ್ಮ ಪಾತ್ರೆಗಳನ್ನು ಸೀರೆಯಲ್ಲಿ ಸುತ್ತುತ್ತಿದ್ದಳು.

"ಎಲ್ಲಿಗೆ ಬಾಲಪ್ಪ?"

"ಕಲ್ಯಾಣದಾಗ ಅಕ್ಕನ ಮನಿಗ್ರಿ. ಒಮ್ಮಿ ಸಾಮಾನಿನ ಮ್ಯಾಲೇ ಗ್ವಾಡಿ ಬಿದ್ದಿತ್ರಿ ಸಾಹೇಬ್ರ. ಇಕಿಗಿ ಅದೇ ಅಂಜಿಕಿ. ನಿನ್ನಿಯಿಂದ ಉಂಡಿಲ್ಲ."

"ಹೋಗಬೇಡ. ಎಂತದೂ ಆಗೂದಿಲ್ಲ."

"ನಿಮಗ ಹ್ಯಾಂಗ ಗೊತ್ತ್ರಿ?" ಎಂದ ಬಾಲಪ್ಪ. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದ. ಮುಂಡಪ್ಪನವರು ಬಾಯಿ ತೆರೆದರು. ಮೇಲೆ ಗ್ಯಾಲರಿಯಲ್ಲಿ ಉಮಾವತಿಯವರು ನಿಂತಿದ್ದರು. ತೆರೆದ ಬಾಯಿಗೆ ನೀರು ಸುರಿದುಕೊಂಡು ಅವರು ಟೆರೇಸಿಗೆ ಹತ್ತಿದರು. ಆ ದಿನ ಅವರಿಗೆ ಹಾಡು ಬರಲಿಲ್ಲ. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಭಾನುವಾರ ಹನ್ನೊಂದಕ್ಕೆ ಯಜ್ಞೇಶ್ವರರು ಹೆಂಡತಿ ಮತ್ತು ಪೂಜಿತಾಳ ಜೊತೆ ರಿಕ್ಷಾದಿಂದ ಇಳಿದರು. ಜೆಸಿಬಿಯನ್ನು ತಡೆಯಲೆಂದು ಚಂದ್ರಭಾಗಾದ ಜನರೆಲ್ಲ ಗೇಟಿಲ್ಲದ ಬಾಗಿಲಿನಲ್ಲಿ ಸಾಲಾಗಿ ನಿಂತಿದ್ದರು. ಹೊರಡಲು ನಿಂತ ಬಾಲಪ್ಪನೂ ಗಂಟು ಹೊತ್ತುಕೊಂಡು ಅವರ ನಡುವೆ ಸಿಕ್ಕಿಕೊಂಡಿದ್ದ. ಬಾಳೆಗಿಡ, ತೋರಣ, ಇಷ್ಟು ಜನ. ಇದೆಲ್ಲ ತಮ್ಮ ಸ್ವಾಗತಕ್ಕೆ ಎಂದು ತಿಳಿದ ಯಜ್ಞೇಶ್ವರರಿಗೆ ನಾಚಿಕೆಯಾಯಿತು. ಎಲ್ಲರಿಗೂ ಕೈ ಮುಗಿಯುತ್ತ ಒಳಗೆ ಬಂದರು. ಬಂದವರು ಜೆಸಿಬಿಯವರಲ್ಲ ಎಂದು ತಿಳಿದ ಜನರೂ ಕೈ ಮುಗಿದರು.

"ಒಳ್ಳೆ ಜನ," ಎಂದು ಅವರು ಹೆಂಡತಿಗೆ ಹೇಳಿದರು.

ಒಳಗೆ ಬಂದೊಡನೆ ಅವರ ಪರೀಕ್ಷೆ ಶುರುವಾಯಿತು. ಕಂಬವನ್ನು ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಮೆಟ್ಟಿಲಿನ ಅಂಚನ್ನು ಚಪ್ಪಲಿಯಿಂದ ಒತ್ತಿದರು. ಉಮಾವತಿಯವರು ಅವರ ಪಕ್ಕಕ್ಕೆ ಅಂಟಿಕೊಂಡು ಹವಾಮಾನದ ಮಾತಾಡುತ್ತಿದ್ದರು. ಸಮಿತ್ ಹಿಂದೆ ಬೆವರುತ್ತಿದ್ದ. ಮೊದಲನೆಯ ಮಹಡಿಯಲ್ಲಿ, ಬಕೆಟ್ ಸ್ಟ್ಯಾಂಡು ಇದ್ದ ಜಾ‌ಗದಲ್ಲಿ, ಮೊಣಕಾಲಿನ ಎತ್ತರಕ್ಕೆ ಒಂದು ಕ್ಯಾಲೆಂಡರು ತೂಗುತ್ತಿತ್ತು. ಯಜ್ಞೇಶ್ವರರು ನಿಂತರು.

"ಇಷ್ಟು ಕೆಳಗೆ ಯಾರು ನೋಡೂದು ಕ್ಯಾಲೆಂಡರು?"

"ಮಕ್ಕಳು," ಎಂದರು ಉಮಾವತಿಯವರು.

"ನಾಲ್ಕು ವರ್ಷ ಹಳೇದು."

"ಇಲ್ಲಿನ ಮಕ್ಕಳಿಗೆ ಹಳೇದೇ ಇಷ್ಟ."

ಯಜ್ಞೇಶ್ವರರು ಬಗ್ಗಿ ಕ್ಯಾಲೆಂಡರನ್ನು ಎತ್ತಿದರು. ಕೆಂಪು ಏಳು. ಸುತ್ತುಗೆರೆ. 23-11. ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಮೆಟ್ಟಿಲಿನ ಮೇಲೆ ಕೂತರು. ಮುಖ ಬಿಳಿಚಿತ್ತು. ಅವರ ಹೆಂಡತಿ ಮಗಳ ಕೈ ಹಿಡಿದು, "ಏಳಿ, ಹೋಗುವ. ಸಾಕು," ಎಂದರು. ಪೂಜಿತಾ ಸಮಿತನನ್ನು ನೋಡಿದಳು. ಸಮಿತ್ ನೆಲ ನೋಡಿದ.

"ಅದು ಮಕ್ಕಳು ಗೀಚಿದ್ದು," ಎಂದು ಉಮಾವತಿಯವರು ಶುರು ಮಾಡಿದರು.

"ಮಕ್ಕಳಲ್ಲ. ನಾನು ಬರೆದದ್ದು."

ಮುಂಡಪ್ಪನವರು ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದರು. ಅತಿಥಿಗಳು ಬಂದರೆಂದು ಟೆರೇಸಿನಿಂದ ಇಳಿದವರು ಶರ್ಟು ಬದಲಿಸಿದ್ದರು, ಕೈ ತೊಳೆದಿರಲಿಲ್ಲ. ಸದ್ದು ಕೇಳಿ ಕೆಳಗಿನವರೆಲ್ಲ ಹತ್ತಿ ಬಂದಿದ್ದರು. ಸಮಿತ್ ತಲೆ ಅಲ್ಲಾಡಿಸಿದ. ಮುಂಡಪ್ಪನವರು ಅವನನ್ನು ನೋಡಿದರು, ಬಾಲಪ್ಪನ ತಲೆಯ ಮೇಲಿನ ಗಂಟನ್ನು ನೋಡಿದರು, ನಿಲ್ಲಿಸಲಿಲ್ಲ. ಯಾರಿಗೂ ಅರ್ಥವಾಗದೆ ಉಳಿಯಬಾರದೆಂದು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದರು: ಹನ್ನೊಂದೂ ನಂಬರು ಬರೆದದ್ದು ತಾವು, ಸಾಮಾನು ಒಯ್ದದ್ದು ತಾವು, ಪಾಲಿಕೆಯವರು ಬರಲೇ ಇಲ್ಲ, ಬರುವುದೂ ಇಲ್ಲ.

ಒಬ್ಬರೂ ನಂಬಲಿಲ್ಲ.

"ಪಾಪ," ಎಂದರು ಪ್ರಫುಲ್ಲಾ ಕಣ್ಣು ಒರೆಸಿಕೊಂಡು. "ಮಗನ ಮದುವೆಗೋಸ್ಕರ ಯಾರೋ ಮಾಡಿದ್ದನ್ನು ತನ್ನ ತಲೆ ಮೇಲೆ ಎಳ್ಕೊಳ್ತಾರೆ." ಸೆಕ್ರೆಟರಿ ಬಂದು ಮುಂಡಪ್ಪನವರ ಹೆಗಲು ತಟ್ಟಿ, ವಾರ್ಡ್ ಆಫೀಸಿನಲ್ಲಿ ಹುಲಿಯಂತೆ ಮಾತಾಡಿದವರು ನೀವು, ಈಗ ಹೀಗೆ ಧೈರ್ಯಗೆಡಬಾರದು ಎಂದರು.

ಮೂವತ್ತೊಂದು ವರ್ಷ ಬಾರದ ವಿದ್ಯೆಯನ್ನು ಬರುತ್ತದೆ ಎಂದಾಗ ನಂಬಿದ ಜನ ಈಗ ಮಾಡಿದ ತಪ್ಪನ್ನು ಮಾಡಿದೆ ಎಂದರೆ ನಂಬುವುದಿಲ್ಲ. ಮುಂಡಪ್ಪನವರಿಗೆ ಸಿಟ್ಟು ಬಂತು. ಯಜ್ಞೇಶ್ವರರ ರಟ್ಟೆ ಹಿಡಿದು ಎಬ್ಬಿಸಿದರು. "ಬನ್ನಿ ನೀವು. ಎಲ್ಲರೂ ಬನ್ನಿ. ಬಾಲಪ್ಪ, ನೀನು ಮೊದಲು ಬಾ," ಎಂದು ಮೆಟ್ಟಿಲು ಹತ್ತಿದರು. ಮೂರು ದಿನ ಯಾರಿಗೂ ತೆರೆಯದ ಟೆರೇಸಿನ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದರು.

ಬಿಸಿಲಿನಲ್ಲಿ ಇಟ್ಟಿಗೆಗಳ ಮೇಲೆ ಹನ್ನೊಂದು ಸಾಮಾನುಗಳು ಸಾಲಾಗಿ ಮಲಗಿದ್ದವು. ಗೇಟಿನ ಬಾಗಿಲುಗಳು, ಮೀಟರ್ ಪೆಟ್ಟಿಗೆಯವು, ಸ್ಟ್ಯಾಂಡುಗಳು. ಒಂದೊಂದರ ಕೊರಳಲ್ಲಿ ಒಂದೊಂದು ಚೀಟಿ. ಚೀಟಿಯ ಮೇಲೆ ದುಂಡು ಅಂಕೆ, ಸುತ್ತುಗೆರೆ, 23-11. ಹಸಿರು ಬಣ್ಣ ಇನ್ನೂ ಬಿದ್ದಿರಲಿಲ್ಲ. ಎಲ್ಲವೂ ಒಂದೇ ಸಮನಾದ ಮಂದ ಕೆಂಪು, ಎಲ್ಲಿಯೂ ಒಂದು ಹನಿ ಇಳಿದಿರಲಿಲ್ಲ.

ಬಾಲಪ್ಪ ಮುಂದೆ ಹೋಗಿ ಪಂಪಿನ ಕೋಣೆಯ ಬಾಗಿಲನ್ನು ಗುರುತು ಹಿಡಿದ. ಗಂಟನ್ನು ಕೆಳಗಿಟ್ಟು ಅದರ ಮೇಲೆ ಕೂತ. "ಸಾಹೇಬ್ರ, ಇಕಿ ಎರಡ ದಿನಾ ಉಂಡಿಲ್ಲಲ್ರಿ," ಎಂದ. ಮುಂಡಪ್ಪನವರು ತಲೆ ತಗ್ಗಿಸಿ, "ತಪ್ಪಾಯ್ತು ಬಾಲಪ್ಪ. ಮರಗಮ್ಮನಿಗೂ ಹೇಳ್ತೇನೆ," ಎಂದರು.

ಆಮೇಲೆ ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು. ಎರಡು ದಿನ ರಜೆ ಹಾಕಿದವರು ರಜೆಯ ಮಾತಾಡಿದರು. ಸೋಫಾವನ್ನು ಡೊಂಬಿವಲಿಯ ತಮ್ಮನ ಮನೆಗೆ ಸಾಗಿಸಿದ್ದ ಪ್ರಫುಲ್ಲಾ ಸೋಫಾದ ಮಾತಾಡಿದರು. ಸೋಮವಾರ ಇಂಜಿನಿಯರ್ ಎದುರು ಯಾರು ನಿಲ್ಲುತ್ತಾರೆ ಎಂದು ಸೆಕ್ರೆಟರಿ ಕೇಳಿದರು. "ನಾನೇ ನಿಲ್ತೇನೆ. ನಾನೇ ಬರೆದದ್ದು ಅಂತ ಹೇಳ್ತೇನೆ. ಒರೆಸೂದೂ ನಾನೇ," ಎಂದರು ಮುಂಡಪ್ಪನವರು. ಉಮಾವತಿಯವರು ಸೆರಗಿನಿಂದ ಮುಖ ಮುಚ್ಚಿಕೊಂಡು ಟ್ಯಾಂಕಿನ ಹಿಂದೆ ನಿಂತರು. ಮದುವೆ ಮುರಿಯಿತೆಂದು ಅವರಿಗೆ ಖಚಿತವಾಗಿತ್ತು.

ಯಜ್ಞೇಶ್ವರರು ಈ ಗದ್ದಲದಲ್ಲಿ ಇರಲಿಲ್ಲ. ಗೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಗುರಿನಿಂದ ಪ್ರೈಮರನ್ನು ಕೆರೆದು ನೋಡುತ್ತಿದ್ದರು. ಅದು ಕಿತ್ತುಬರಲಿಲ್ಲ. ಸರಳಿನ ಹಿಂಬದಿಗೂ ಬೆರಳು ಹಾಕಿ ನೋಡಿದರು, ಅಲ್ಲಿಯೂ ಬಳಿದಿತ್ತು. ಎದ್ದು ನಿಂತು ಮುಂಡಪ್ಪನವರ ಹತ್ತಿರ ಬಂದರು. ಗದ್ದಲ ತಾನಾಗಿ ನಿಂತಿತು.

"ನಮ್ಮ ಬಿಲ್ಡಿಂಗಿಗೆ ನಂಬರು ಬಿದ್ದ ಮೇಲೆ ಎಂಟು ವರ್ಷ ಆಫೀಸುಗಳಿಗೆ ತಿರುಗಿದೆ ಮಾರಾಯ್ರೆ," ಎಂದರು. "ಕಟ್ಟಿದವ ನಾನಲ್ಲ ಅಂದ. ಮಾರಿದವ ನಾನಲ್ಲ ಅಂದ. ಕಾಗದಕ್ಕೆ ಸಹಿ ಹಾಕಿದವ, ಸಹಿ ನನ್ನದೇ, ಆದ್ರೆ ಮಾಡಿದ್ದು ನಾನಲ್ಲ ಅಂದ. ಹೋದ ಮನೆ ಹೋಯ್ತು. ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ನನ್ನೆದುರು ನಿಂತು, ಹೌದು, ನಾನು ಮಾಡಿದ್ದು ಅಂತ ಹೇಳಿದ್ದು ಇವತ್ತು."

"ಸೋಮವಾರ ಸುಣ್ಣ ಹೊಡೀತೇನೆ," ಎಂದರು ಮುಂಡಪ್ಪನವರು.

ಉಮಾವತಿಯವರು ಟ್ಯಾಂಕಿನ ಹಿಂದಿನಿಂದ ಬಂದರು. "ಬನ್ನಿ, ಕೆಳಗೆ ಹೋಗುವ. ನೀವು ಇನ್ನೂ ಮನೆ ನೋಡಲಿಲ್ಲ," ಎಂದರು.

"ಮನೆ ಎಂತ ನೋಡೂದು ಅಕ್ಕ. ನೋಡಬೇಕಾದ್ದು ನೋಡಿ ಆಯ್ತು," ಎಂದರು ಯಜ್ಞೇಶ್ವರರು. ಮಗಳ ಕಡೆ ತಿರುಗಿ ಒಮ್ಮೆ ತಲೆ ಆಡಿಸಿದರು. ಆಮೇಲೆ ಮುಂಡಪ್ಪನವರ ಕೆಂಪಾದ ಕೈಯನ್ನು ಹಿಡಿದುಕೊಂಡರು. ಬಿಳಿ ಶರ್ಟಿನ ತೋಳಿಗೆ ಪ್ರೈಮರು ತಾಗಿತು. ಅವರು ನೋಡಲಿಲ್ಲ. ಮೆಟ್ಟಿಲು ಇಳಿದು ಊಟದ ಎಲೆಯ ಮುಂದೆ ಕೂರುವವರೆಗೆ ಆ ಕೈಯನ್ನು ಬಿಡಲಿಲ್ಲ.